ಕಲಿಸುವವರು ಕಲಿಯುವ ಹೊತ್ತು ಯಾರ ಲೆಕ್ಕಕ್ಕೆ?

ಕೊಯ್ಲಿಗೆ ಬಂದ ಆಳು ಗದ್ದೆಯ ಹುಣಿಯಲ್ಲಿ ಕುಳಿತು ಕತ್ತಿ ಮಸೆಯುತ್ತಾನೆ. ಆ ಕಾಲು ಗಂಟೆಯನ್ನು ಎಂಥ ಜಿಪುಣ ಧನಿಯೂ ಕೂಲಿಯಿಂದ ಕಡಿಯಲಾರ. ಮೊಂಡು ಕತ್ತಿಯಿಂದ ಕೊಯ್ದರೆ ಆಳಿನ ಕೈ ಸೋಲುತ್ತದೆ, ತೆನೆ ಉದುರುತ್ತದೆ, ನಷ್ಟ ಕೊನೆಗೆ ತನ್ನ ಕಣಜಕ್ಕೇ ಎಂಬುದು ಅವನಿಗೆ ಗೊತ್ತು. ಗದ್ದೆಯ ಧನಿಗೆ ಗೊತ್ತಿರುವ ಇಷ್ಟು ಸಣ್ಣ ಸಂಗತಿ ನಮ್ಮ ಉನ್ನತ ಶಿಕ್ಷಣದ ಧನಿಗಳಿಗೆ ಇಂದಿಗೂ ತಿಳಿದಂತೆ ಕಾಣುವುದಿಲ್ಲ. ಕಾಲೇಜಿನ ಅಧ್ಯಾಪಕನು ತರಗತಿಯಲ್ಲಿ ನಿಂತ ಗಂಟೆಗೆ ಲೆಕ್ಕವಿದೆ. ಪರೀಕ್ಷೆಯ ಉತ್ತರಪತ್ರಿಕೆಗೆ ಲೆಕ್ಕವಿದೆ. ಅವನು ಬರೆದ ಪ್ರಬಂಧಕ್ಕೂ ಲೆಕ್ಕವಿದೆ. ಆದರೆ ನಾಳೆಯ ಪಾಠವನ್ನು ಇಂದಿಗಿಂತ ಚೆನ್ನಾಗಿ ಹೇಳುವುದು ಹೇಗೆಂದು ಅವನು ಯೋಚಿಸುವ, ಕೇಳಿ ತಿಳಿಯುವ, ಪ್ರಯತ್ನಿಸಿ ನೋಡುವ ಹೊತ್ತು ಯಾರ ಲೆಕ್ಕದಲ್ಲೂ ಇಲ್ಲ. ಈ ವಾರ ಈ ಅಂಕಣದಲ್ಲಿ ಆ ಹೊತ್ತಿನ ವಿಚಾರ.

ನನಗೆ ಪರಿಚಯದ ಒಬ್ಬ ಉಪನ್ಯಾಸಕಿಯ ಮಾತಿನಿಂದ ಆರಂಭಿಸುತ್ತೇನೆ. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬ ನಮ್ಮ ಮೂರು ತಾಲೂಕುಗಳೊಳಗಿನ ಒಂದು ಕಾಲೇಜಿನಲ್ಲಿ ಆಕೆ ವಾಣಿಜ್ಯ ವಿಷಯ ಕಲಿಸುತ್ತಾರೆ. ಮೊದಲ ವರ್ಷದ ಬಿ.ಕಾಂ. ತರಗತಿಯಲ್ಲಿ ‘ಡಿಪ್ರಿಸಿಯೇಶನ್’ ಎಂಬ ಪಾಠವನ್ನು ಪುಸ್ತಕದಲ್ಲಿದ್ದಂತೆಯೇ ಮೂರು ದಿನ ಹೇಳಿದರಂತೆ. ಮಕ್ಕಳು ಬರೆದುಕೊಂಡರು, ತಲೆಯಾಡಿಸಿದರು, ಕಿರುಪರೀಕ್ಷೆಯಲ್ಲಿ ಅರ್ಧಕ್ಕರ್ಧ ಮಂದಿ ಸೋತರು. ಆಕೆ ಬೈಯಲಿಲ್ಲ. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, ತಿಳಿಯದೆ ಹೋದದ್ದು ಯಾವುದೆಂದು ಹೆಸರಿಲ್ಲದೆ ಕನ್ನಡದಲ್ಲೇ ಬರೆಯಿರಿ ಎಂದರು. ಚೀಟಿಗಳನ್ನು ಬಿಚ್ಚಿದಾಗ ಗೊತ್ತಾಯಿತು, ಮಕ್ಕಳು ಸೋತದ್ದು ಲೆಕ್ಕಕ್ಕಲ್ಲ, ಮಾತಿಗೆ. ಯಂತ್ರ ಸವೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಸವೆತವನ್ನು ಯಾಕೆ ಖರ್ಚು ಎಂದು ಬರೆಯಬೇಕು, ಕೈಯಿಂದ ಹಣವೇ ಹೋಗಲಿಲ್ಲವಲ್ಲ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿತ್ತು. ಇಂಗ್ಲಿಷಿನಲ್ಲಿ ಕೇಳಲು ಬಾರದೆ ಸುಮ್ಮನಿದ್ದರು.

ಮರುದಿನ ಆಕೆ ತರಗತಿಗೆ ಹೋಗಿ ಕೇಳಿದ ಮೊದಲ ಪ್ರಶ್ನೆ ಇದು: “ನಿಮ್ಮಲ್ಲಿ ಯಾರ ಮನೆಯಲ್ಲಿ ಸಾಲ ಮಾಡಿ ಆಟೋರಿಕ್ಷಾ ತೆಗೆದಿದ್ದಾರೆ?” ನಾಲ್ಕು ಕೈ ಮೇಲೆದ್ದವು. “ಐದು ವರ್ಷ ಓಡಿಸಿ ಮಾರಿದರೆ ಕೊಂಡ ಬೆಲೆ ಬರುತ್ತದೆಯೋ? ಬಾರದಿದ್ದ ಹಣ ಎಲ್ಲಿಗೆ ಹೋಯಿತು?” ಒಂದು ಗಂಟೆ ತರಗತಿಯಲ್ಲಿ ಗದ್ದಲವೋ ಗದ್ದಲ. ದಿನದ ಬಾಡಿಗೆಯಲ್ಲಿ ಪೆಟ್ರೋಲು, ರಿಪೇರಿ ಕಳೆದರೆ ಸಾಲದು, ಆಟೋ ಮುದಿಯಾಗುವುದನ್ನೂ ಕಳೆಯಬೇಕು, ಇಲ್ಲವಾದರೆ ಲಾಭವೆಂದು ತಿಳಿದು ಬಂಡವಾಳವನ್ನೇ ತಿಂದಂತಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದರು. ಅದರ ಮೇಲೆ ಇಂಗ್ಲಿಷ್ ಹೆಸರು, ಪುಸ್ತಕದ ಸೂತ್ರ ಎಲ್ಲವೂ ಸಲೀಸಾಗಿ ಬಂದುವಂತೆ.

ಆಕೆಗೆ ಅಂದು ಆದ ಸಂತೋಷ ಹೇಳತೀರದು. ಆದರೆ ಅದನ್ನು ಹಂಚಿಕೊಳ್ಳಲು ಯಾರೂ ಇರಲಿಲ್ಲ. ಉಪನ್ಯಾಸಕರ ಕೋಣೆಯಲ್ಲಿ ಎಲ್ಲರೂ ಯಾವುದೋ ತನಿಖೆಗೆ ಕಾಗದ ಹೊಂದಿಸುವುದರಲ್ಲಿದ್ದರು. ಬೇರೆ ಪಾಠಗಳನ್ನೂ ಹೀಗೆ ಕಲಿಸುವುದು ಹೇಗೆಂದು ತಿಳಿಯಲು ಒಂದು ಕಾರ್ಯಾಗಾರಕ್ಕೆ ಹೋಗಬೇಕೆಂದು ಆಕೆ ಕೇಳಿದಾಗ ಬಂದ ಉತ್ತರ: “ನೀವು ಅತಿಥಿ ಉಪನ್ಯಾಸಕರಲ್ಲವೋ ಮೇಡಂ, ನಿಮಗೆ ಅನ್ಯ ಕಾರ್ಯ ನಿಮಿತ್ತ ರಜೆ ಬರುವುದಿಲ್ಲ. ನಿಮ್ಮ ಕ್ಲಾಸು ಯಾರು ನೋಡಿಕೊಳ್ಳುವುದು?” ಹೇಳಿದವರು ಕೆಟ್ಟವರಲ್ಲ, ಅವರ ಕೈಯಲ್ಲಿ ಇದ್ದ ನಿಯಮವೇ ಅಷ್ಟು. ಆಕೆ ಹೋಗಲಿಲ್ಲ.

ಬೋಧನೆಯ ಸುಧಾರಣೆ ಎಂದರೆ ದೊಡ್ಡ ಪರದೆ, ಗಣಕಯಂತ್ರ, ಬಣ್ಣದ ಚಿತ್ರ ಎಂದು ಭಾವಿಸಿದವರು ಬಹಳ ಮಂದಿ. ಅವೆಲ್ಲ ಬರಲಿ, ಬೇಡವೆನ್ನುವುದಿಲ್ಲ. ಆದರೆ ಬೋಧನೆ ಸುಧಾರಿಸುವುದು ಆ ಚೀಟಿಯ ತುಂಡಿನಿಂದ. ತನ್ನ ಪಾಠ ಎದುರಿಗೆ ಕುಳಿತವನಿಗೆ ತಲುಪಿತೋ ಇಲ್ಲವೋ ಎಂದು ಪರೀಕ್ಷಿಸುವುದು, ತಲುಪದಿದ್ದರೆ ಬೇರೆ ದಾರಿ ಹುಡುಕುವುದು, ಆ ದಾರಿಯನ್ನು ಇನ್ನೊಬ್ಬ ಅಧ್ಯಾಪಕನಿಗೆ ತಿಳಿಸುವುದು, ಅವನಿಂದ ತಾನೂ ಒಂದನ್ನು ಪಡೆಯುವುದು. ಇದಕ್ಕೆ ಬೇಕಾದುದು ಹೊತ್ತು, ಜೊತೆಗಾರರು ಮತ್ತು ಹೊಟ್ಟೆಗೆ ಹೊಡೆಯದ ವ್ಯವಸ್ಥೆ. ಈ ಮೂರೂ ನಮ್ಮ ಕಾಲೇಜುಗಳಲ್ಲಿ ದುರ್ಲಭ.

ಇದು ಅಧ್ಯಾಪಕರ ಮನೆಯೊಳಗಿನ ವಿಚಾರ, ದುಡಿಯುವ ಜನರ ಪಕ್ಷದ ಪತ್ರಿಕೆಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಅವರು ತರಗತಿಯ ಬೆಂಚುಗಳ ಮೇಲೆ ಕುಳಿತವರು ಯಾರೆಂದು ಒಮ್ಮೆ ನೋಡಬೇಕು. ಮೂಡಬಿದಿರೆಯಲ್ಲಿ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ, ಬಂಟವಾಳದಲ್ಲಿ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು 1968ರಲ್ಲಿ ಆರಂಭವಾದವು. ಆವರೆಗೆ ಪದವಿ ಎಂದರೆ ಮಂಗಳೂರಿಗೋ ಉಡುಪಿಗೋ ಮಗನನ್ನು ಕಳುಹಿಸಿ ಊಟ ವಸತಿಗೆ ಹಣ ಕೊಡಬಲ್ಲ ಮನೆಗಳ ಸೊತ್ತು. 1974ರ ಭೂಸುಧಾರಣಾ ತಿದ್ದುಪಡಿ ಶಾಸನ ಬಂತು. ಈ ಜಿಲ್ಲೆಯ ಗೇಣಿ ಒಕ್ಕಲುಗಳು ಡಿಕ್ಲರೇಷನ್ ಹಾಕಿ ಉಳುವ ಭೂಮಿಗೆ ಒಡೆಯರಾದರು. ಅವರ ಮಕ್ಕಳು ಹೈಸ್ಕೂಲು ಮುಟ್ಟಿದರು, ಮೊಮ್ಮಕ್ಕಳು ಕಾಲೇಜು ಮುಟ್ಟಿದರು. 1980ರ ಸೆಪ್ಟೆಂಬರಿನಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವೇ ಸ್ಥಾಪನೆಯಾಯಿತು. ಆಮೇಲೆ ಬಂಟವಾಳದ ಕಾಮಾಜೆ, ವಾಮದಪದವು, ಸಿದ್ಧಕಟ್ಟೆ, ಪುಂಜಾಲಕಟ್ಟೆ, ಬೆಳ್ತಂಗಡಿ ಹೀಗೆ ಹಳ್ಳಿ ಪೇಟೆಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ತೆರೆದವು.

ಈ ಸರಕಾರಿ ಕಾಲೇಜುಗಳಿಗೆ ಬೆಳಿಗ್ಗೆ ಬಸ್ಸಿನಿಂದ ಇಳಿದು ನಡೆಯುವ ಹುಡುಗಿಯರಲ್ಲಿ ಎಷ್ಟೋ ಮಂದಿಯ ತಾಯಂದಿರು ಬೀಡಿ ಕಟ್ಟುವವರು. ಸಂಜೆ ಮನೆ ಸೇರಿದ ಮೇಲೆ ಮಗಳೂ ಸೂಪು ಮಡಿಲಿಗಿಟ್ಟು ಕೂರುವುದುಂಟು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಕಾಲೇಜಿನ ಪಠ್ಯದಲ್ಲಿ ಇಂಗ್ಲಿಷ್. ಮೂರು ಮೆಟ್ಟಿಲು ದಾಟಿ ಬಂದ ಆ ಹುಡುಗಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ಯಾರೂ ಇಲ್ಲ. ಟ್ಯೂಶನ್ನಿಗೆ ಹಣವಿಲ್ಲ. ಹಣವಂತನ ಮಗನಿಗೆ ಅಧ್ಯಾಪಕ ಸರಿಯಾಗಿ ಕಲಿಸದಿದ್ದರೂ ನಡೆಯುತ್ತದೆ. ಅವನಿಗೆ ಬೇರೆ ಪುಸ್ತಕ, ಬೇರೆ ಮಾಸ್ತರು, ಬೇರೆ ಊರು ಉಂಟು. ಬೀಡಿ ಕಟ್ಟುವವಳ ಮಗಳಿಗೆ ಆ ಒಂದು ಗಂಟೆಯ ತರಗತಿಯೇ ಸರ್ವಸ್ವ. ಅದು ಹಾಳಾದರೆ ಆಕೆಗೆ ಬೇರೆ ಗತಿಯಿಲ್ಲ. ಆದುದರಿಂದ ಕೆಟ್ಟ ಬೋಧನೆ ಎಂಬುದು ಬಡವರ ಮೇಲೆ ಮಾತ್ರ ಹೇರಿದ ಒಂದು ಕಂದಾಯ. ಒಳ್ಳೆಯ ಬೋಧನೆ ಬಡವರ ಹಕ್ಕು. ಇದು ನಮ್ಮ ಪತ್ರಿಕೆಯ ಕೆಲಸವಲ್ಲದೆ ಇನ್ನಾರ ಕೆಲಸ?

ಭಾಷೆಯ ವಿಚಾರದಲ್ಲಿ ಡಾ. ರಾಮಮನೋಹರ ಲೋಹಿಯಾ ಹೇಳಿಕೊಂಡು ಬಂದುದನ್ನು ನಮ್ಮ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಇಂಗ್ಲಿಷ್ ನಮ್ಮ ದೇಶದಲ್ಲಿ ಕೆಲವರ ಮನೆಗೆ ಬಾಗಿಲು, ಉಳಿದವರಿಗೆ ಗೋಡೆ. ಆ ಗೋಡೆ ಒಂದು ದಿನದಲ್ಲಿ ಬೀಳದು. ಆದರೆ ಅದು ನಿಂತಿರುವಷ್ಟು ಕಾಲ ಗೋಡೆಯ ಈಚೆಯಿಂದ ಆಚೆಗೆ ಮಕ್ಕಳನ್ನು ಕೈಹಿಡಿದು ದಾಟಿಸುವವನು ತರಗತಿಯ ಅಧ್ಯಾಪಕನೊಬ್ಬನೇ. ಎರಡು ಭಾಷೆಗಳ ನಡುವೆ ನಿಂತು ಪಾಠ ಹೇಳುವುದು ಒಂದು ಕಲೆ, ಒಂದು ಶಾಸ್ತ್ರ. ಅದನ್ನು ಅವನಿಗೆ ಕಲಿಸಿದವರು ಯಾರು?

ಯಾರೂ ಇಲ್ಲ. ಇದೊಂದು ವಿಚಿತ್ರ. ಒಂದನೆಯ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವವರಿಗೆ ತರಬೇತಿ ಕಡ್ಡಾಯ. ಹೈಸ್ಕೂಲಿನಲ್ಲಿ ಕಲಿಸಬೇಕಾದರೆ ಬಿ.ಎಡ್. ಬೇಕು. ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಕಾಲೇಜಿನ ಅಧ್ಯಾಪಕನಿಗಾದರೋ ಸ್ನಾತಕೋತ್ತರ ಪದವಿ, ಅದರ ಮೇಲೆ ನೆಟ್ ಅಥವಾ ಸ್ಲೆಟ್ ಪರೀಕ್ಷೆ, ಇಲ್ಲವೇ ಪಿಎಚ್.ಡಿ. ಇದ್ದರಾಯಿತು. ಇವು ಅವನಿಗೆ ವಿಷಯ ಗೊತ್ತೆಂಬುದಕ್ಕೆ ಸಾಕ್ಷಿ; ಕಲಿಸಲು ಗೊತ್ತೆಂಬುದಕ್ಕಲ್ಲ. ಈಜು ಬಾರದವನನ್ನು ನೇತ್ರಾವತಿಯ ಮಳೆಗಾಲದ ನೆರೆಗೆ ದೂಡಿ, ದಡದಲ್ಲಿ ನಿಂತು ಅವನ ಈಜಿಗೆ ಅಂಕ ಹಾಕುವ ಪದ್ಧತಿ ಇದು.

ಇದನ್ನು ಯಾರೂ ಮುಂಚೆ ಕಾಣಲಿಲ್ಲವೆಂದಲ್ಲ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1964ರಿಂದ 1966ರವರೆಗೆ ದೇಶವನ್ನು ಸುತ್ತಿ ವರದಿ ಕೊಟ್ಟಾಗಲೇ ಸ್ಪಷ್ಟವಾಗಿ ಹೇಳಿತ್ತು: ಹೊಸದಾಗಿ ನೇಮಕವಾದ ಉಪನ್ಯಾಸಕನಿಗೆ ಸಂಸ್ಥೆಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಕೊಡಬೇಕು, ಒಳ್ಳೆಯ ಅಧ್ಯಾಪಕರ ತರಗತಿಯಲ್ಲಿ ಕುಳಿತು ಕೇಳಲು ಅವನನ್ನು ಪ್ರೋತ್ಸಾಹಿಸಬೇಕು, ಪ್ರತಿಯೊಂದು ವಿಶ್ವವಿದ್ಯಾನಿಲಯವೂ, ಸಾಧ್ಯವಾದಲ್ಲಿ ಪ್ರತಿಯೊಂದು ಕಾಲೇಜೂ ಹೊಸಬರಿಗೆ ತರಬೇತಿ ನಡೆಸಬೇಕು, ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಶಾಶ್ವತವಾದ ಏರ್ಪಾಡು ಇರಬೇಕು. ಆ ಮಾತು ಕಪಾಟು ಸೇರಿ 20 ವರ್ಷ ಮಲಗಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ದೇಶದಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ನಮ್ಮ ಕರಾವಳಿಯ ಅಧ್ಯಾಪಕರು ಘಟ್ಟ ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗಿ ವಾರಗಟ್ಟಲೆ ಕುಳಿತು ಬರುತ್ತಿದ್ದರು. 2015ರಲ್ಲಿ ಅವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರ ಎಂದಾಯಿತು. ಬೋರ್ಡು ಬರೆಯುವವನಿಗೆ ಕೆಲಸ ಸಿಕ್ಕಿತು.

ಆ ಶಿಬಿರಗಳಿಂದ ಪ್ರಯೋಜನವೇ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ಬೇರೆ ಊರಿನ, ಬೇರೆ ವಿಷಯದ ಅಧ್ಯಾಪಕರೊಡನೆ ಒಂದೇ ಹಾಸ್ಟೆಲಿನಲ್ಲಿದ್ದು ರಾತ್ರಿಯವರೆಗೆ ಚರ್ಚಿಸಿ ಹೊಸ ಮನುಷ್ಯರಾಗಿ ಬಂದವರನ್ನು ನಾನು ಬಲ್ಲೆ. ಆದರೆ ಶಿಬಿರವನ್ನು ಬಡ್ತಿಗೆ ಗಂಟುಹಾಕಿದ ದಿನವೇ ಅದರ ಜೀವ ಅರ್ಧ ಹೋಯಿತು. ಕಲಿಯಲು ಹೋದವನ ಪಕ್ಕದಲ್ಲಿ ಸರ್ಟಿಫಿಕೇಟಿಗಾಗಿ ಹೋದವನು ಕುಳಿತ. ಹೇಳುವವನೂ ಮತ್ತದೇ ಉದ್ದುದ್ದ ಉಪನ್ಯಾಸ ಹೊಡೆದ. ಉಪನ್ಯಾಸ ಮಾತ್ರ ಸಾಲದು ಎಂಬುದನ್ನು ಮೂರು ಗಂಟೆಯ ಉಪನ್ಯಾಸದಲ್ಲಿ ತಿಳಿಸಿದ ಮಹನೀಯರೂ ಇದ್ದಾರೆ! ಕೊರೋನಾ ಬಂದ 2020ರಿಂದ ಈಚೆಗೆ ಶಿಬಿರಗಳು ಬಹುಪಾಲು ಅಂತರ್ಜಾಲಕ್ಕೆ ಏರಿದವು. ಪ್ರಯಾಣದ ಖರ್ಚು ಉಳಿಯಿತು, ಮನೆಯ ಹೊರೆಯಿರುವ ಹೆಂಗಸರಿಗೆ ಅನುಕೂಲವೂ ಆಯಿತು. ಆದರೆ ಜೊತೆಗಾರರ ಸಂಗ ಹೋಯಿತು.

ಸಾಲದುದಕ್ಕೆ 2010ರ ಯುಜಿಸಿ ನಿಯಮಗಳು ಅಧ್ಯಾಪಕನ ಕೆಲಸವನ್ನು ಅಂಕಗಳಲ್ಲಿ ಅಳೆಯಲು ಹೊರಟವು. ಸಂಶೋಧನಾ ಪ್ರಬಂಧಕ್ಕೆ ಅಂಕ, ವಿಚಾರಸಂಕಿರಣಕ್ಕೆ ಅಂಕ. ಹಣ ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ತರಗತಿಯಲ್ಲಿ ಒಳ್ಳೆಯ ಪಾಠ ಹೇಳಿದ ಅಧ್ಯಾಪಕನಿಗೂ, ನೋಟ್ಸು ಓದಿ ಹೊರಬಂದವನಿಗೂ ಆ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗಂಟೆ ತುಂಬಿದರೆ ಸಾಕು. 2018ರ ನಿಯಮಗಳು ಕಾಲೇಜು ಅಧ್ಯಾಪಕರ ತಲೆಯ ಮೇಲಿಂದ ಈ ಹೊರೆಯನ್ನು ತಕ್ಕಮಟ್ಟಿಗೆ ಇಳಿಸಿದವು. ಆದರೆ ಎಂಟು ವರ್ಷ ಹಾಕಿಕೊಂಡ ಅಭ್ಯಾಸ ಒಂದು ಅಧಿಸೂಚನೆಯಿಂದ ಬಿಡುವುದಿಲ್ಲ.

ಇದೆಲ್ಲ ಕಾಯಂ ಹುದ್ದೆಯಲ್ಲಿದ್ದವರ ಕಥೆ. ಇನ್ನು ಅತಿಥಿಗಳು. ರಾಜ್ಯದ 400ಕ್ಕೂ ಮಿಕ್ಕ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತ ಬಂದಿದ್ದಾರೆ. 2021ರ ಕೊನೆಯವರೆಗೆ ಅವರಿಗೆ ತಿಂಗಳಿಗೆ ಸಿಗುತ್ತಿದ್ದುದು 11,000ದಿಂದ 13,000 ರೂಪಾಯಿ. ಬೀದಿಗಿಳಿದು ಹೋರಾಡಿದ ಮೇಲೆ 2022ರ ಜನವರಿಯಲ್ಲಿ ಅದು ವಿದ್ಯಾರ್ಹತೆ, ಸೇವಾವಧಿಗೆ ತಕ್ಕಂತೆ 26,000ದಿಂದ 32,000ಕ್ಕೆ ಏರಿತು. ಜೊತೆಗೆ ವಾರದ ಕಾರ್ಯಭಾರವೂ 15 ಗಂಟೆಗೆ ಏರಿ, ಹಲವರು ಕೆಲಸವನ್ನೇ ಕಳೆದುಕೊಂಡರು. 2023ರ ಕೊನೆಯಲ್ಲಿ ಮತ್ತೊಂದು ಮುಷ್ಕರ ನಡೆದು ಗೌರವಧನ ಇನ್ನಷ್ಟು ಏರಿತು. ಯುಜಿಸಿ ವೇತನದ ಸಹಾಯಕ ಪ್ರಾಧ್ಯಾಪಕನಿಗೆ ನಿಗದಿಯಾದ ಕಾರ್ಯಭಾರ ವಾರಕ್ಕೆ 16 ಗಂಟೆ, ಆರಂಭದ ಮೂಲವೇತನ 57,700 ರೂಪಾಯಿ. ಒಂದು ಗಂಟೆಯ ವ್ಯತ್ಯಾಸಕ್ಕೆ ಎಷ್ಟು ಸಾವಿರದ ವ್ಯತ್ಯಾಸ ಎಂದು ಓದುಗರೇ ಕಳೆದು ನೋಡಲಿ. ಸಾವಿರ ಬೀಡಿಗೆ ಇಷ್ಟು ಎಂದು ತಾಯಿಗೆ ಕೂಲಿ. ವಾರಕ್ಕೆ ಇಷ್ಟು ಗಂಟೆಗೆ ಇಷ್ಟು ಎಂದು ಮಗಳ ಅಧ್ಯಾಪಕಿಗೆ ಕೂಲಿ. ಎರಡೂ ಒಂದೇ ಜಾತಿಯ ಲೆಕ್ಕ. ಇಂಥವರಿಗೂ ಶಿಬಿರಗಳ ಬಾಗಿಲು ಕಾಗದದ ಮೇಲೆ ತೆರೆದಿದೆ. ಆದರೆ ರಜೆಯೂ ಕೂಲಿಯೂ ಇಲ್ಲದವನಿಗೆ ತೆರೆದ ಬಾಗಿಲೇನು, ಮುಚ್ಚಿದ ಬಾಗಿಲೇನು?

ಈ ನಡುವೆ ಸರಕಾರಗಳ ಆಟವನ್ನೂ ಗಮನಿಸಬೇಕು. 2021-22ರಲ್ಲಿ ಕರ್ನಾಟಕ ತರಾತುರಿಯಿಂದ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಿತು. ನಾಲ್ಕು ವರ್ಷದ ಆನರ್ಸ್, ಹೊಸ ವಿಷಯಗಳು, ಹೊಸ ಪುಸ್ತಕಗಳು. ಮೂರು ವರ್ಷ ಕಳೆದು ಬೇರೆ ಸರಕಾರ ಬಂದು 2024-25ರಿಂದ ಅದನ್ನು ತೆಗೆದು ಮೂರು ವರ್ಷದ ಪದವಿಯನ್ನೇ ಮತ್ತೆ ತಂದಿತು. ಯಾವುದು ಸರಿ ಎಂಬ ಚರ್ಚೆ ಬೇರೆ. ಒಂದೇ ಅಧ್ಯಾಪಕ ಬೆಳಿಗ್ಗೆ ಒಂದು ನೀತಿಯ ಪಾಠ, ಮಧ್ಯಾಹ್ನ ಇನ್ನೊಂದು ನೀತಿಯ ಪಾಠ ಹೇಳಬೇಕಾಗಿ ಬಂದ ವರ್ಷಗಳಲ್ಲಿ, ಈ ಹೊಸ ಪಾಠವನ್ನು ಹೇಗೆ ಕಲಿಸುತ್ತೀರಿ, ನಿಮಗೇನು ಸಹಾಯ ಬೇಕು ಎಂದು ಅವನನ್ನು ಕೇಳಿದವರೆಷ್ಟು ಮಂದಿ? ನೀತಿ ಬರೆಯುವುದು ರಾಜಧಾನಿಯಲ್ಲಿ. ಅದು ನಡೆಯುವುದು ಸಿದ್ಧಕಟ್ಟೆಯ ಒಂದು ಕೋಣೆಯಲ್ಲಿ. ಆ ಕೋಣೆಯಲ್ಲಿ ನಿಂತವನ ಕೈ ಬಲವಾಗದೆ ಯಾವ ನೀತಿಯೂ ಕಾಗದದಿಂದ ಕೆಳಗಿಳಿಯದು.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು ನಮ್ಮ ಪಕ್ಷದ ಸ್ನೇಹಿತರದೇ. ಲಕ್ಷದ ಮೇಲೆ ಸಂಬಳ ಎಣಿಸುವ, ವರ್ಷದ ಹಿಂದಿನ ನೋಟ್ಸನ್ನೇ ಓದುವ ಪ್ರಾಧ್ಯಾಪಕರ ಮೇಲೆ ಕರುಣೆ ಯಾಕೆ ಎಂದು ಅವರು ಕೇಳುತ್ತಾರೆ. ಅಂಥವರು ಇದ್ದಾರೆ, ಅಲ್ಲಗಳೆಯುವಂತಿಲ್ಲ. ಆದರೆ ನಾವು ಮಾತಾಡುತ್ತಿರುವುದು ಉತ್ತಮವಾಗಿ ಕಲಿಸಬೇಕೆಂದು ಹಂಬಲಿಸುವವರ ಬಗ್ಗೆ. ಸೋಮಾರಿಗೆ ಈಗಿನ ವ್ಯವಸ್ಥೆಯಲ್ಲಿ ಯಾವ ತೊಂದರೆಯೂ ಇಲ್ಲ. ತೊಂದರೆಯೆಲ್ಲ ಹಂಬಲ ಉಳ್ಳವನಿಗೆ. ಅವನು ಹೆಚ್ಚು ದುಡಿಯುತ್ತಾನೆ, ಕೈಯಿಂದ ಹಣ ಹಾಕುತ್ತಾನೆ, ಜೊತೆಯವರಿಂದ ‘ಇವನಿಗೆ ಬೇರೆ ಕೆಲಸವಿಲ್ಲ’ ಎನ್ನಿಸಿಕೊಳ್ಳುತ್ತಾನೆ, ಹತ್ತು ವರ್ಷದಲ್ಲಿ ಸೋತು ಅವನೂ ನೋಟ್ಸು ಓದತೊಡಗುತ್ತಾನೆ. ಸೋಮಾರಿಗಳಲ್ಲಿ ಎಷ್ಟು ಮಂದಿ ಹುಟ್ಟಾ ಸೋಮಾರಿಗಳು, ಎಷ್ಟು ಮಂದಿ ಹೀಗೆ ಸೋತವರು ಎಂಬುದನ್ನು ಯೋಚಿಸಬೇಕು.

ಎರಡನೆಯ ಆಕ್ಷೇಪ ಪಂಡಿತರದು: ಒಳ್ಳೆಯ ಅಧ್ಯಾಪಕ ಹುಟ್ಟಿ ಬರುತ್ತಾನೆ, ತರಬೇತಿಯಿಂದ ಆಗುವವನಲ್ಲ. ಅವರು ನಮ್ಮ ಯಕ್ಷಗಾನ ಮೇಳದ ಚೌಕಿಯನ್ನು ನೋಡಲಿ. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಕಿರೀಟ ಕಟ್ಟಿ ಕೌರವನ ವೇಷಕ್ಕೆ ದೂಡುವುದಿಲ್ಲ. ಅವನು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಾನೆ, ಬಾಲಗೋಪಾಲನಾಗುತ್ತಾನೆ. ಉಳಿದ ರಾತ್ರಿಯೆಲ್ಲ ರಂಗದ ಬದಿಯಲ್ಲಿ ಕುಳಿತು ಹಿರಿಯರ ಪ್ರವೇಶ, ಅರ್ಥ, ಹೆಜ್ಜೆ ನೋಡುತ್ತಾನೆ. ಬೆಳಗಾದ ಮೇಲೆ ಬೈಗಳು ತಿನ್ನುತ್ತಾನೆ, ತಿದ್ದಿಸಿಕೊಳ್ಳುತ್ತಾನೆ. ಹುಟ್ಟಿನಿಂದ ಬಂದ ಪ್ರತಿಭೆ ಇದ್ದವನಿಗೂ ಈ ದಾರಿ ತಪ್ಪಿದ್ದಲ್ಲ. ಮೇಳಕ್ಕೆ ಇರುವ ಈ ವಿವೇಕ ವಿಶ್ವವಿದ್ಯಾನಿಲಯಕ್ಕೆ ಇಲ್ಲ. ನಮ್ಮ ಅಧ್ಯಾಪಕ ನೇಮಕದ ದಿನವೇ ಕಿರೀಟ ಹೊತ್ತು ಒಂಟಿಯಾಗಿ ರಂಗಕ್ಕೆ ಹೋಗುತ್ತಾನೆ. ನಿವೃತ್ತಿಯ ದಿನದವರೆಗೂ ಇನ್ನೊಬ್ಬನ ತರಗತಿಯನ್ನು ಅವನು ನೋಡುವುದಿಲ್ಲ, ಅವನ ತರಗತಿಯನ್ನು ಇನ್ನೊಬ್ಬ ನೋಡುವುದಿಲ್ಲ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯ ತನ್ನ ಅಧ್ಯಾಪಕರ ಬೋಧನೆಗೆ ನೆರವಾಗಲೆಂದೇ 1962ರಲ್ಲಿ ಒಂದು ಕೇಂದ್ರ ತೆರೆಯಿತು. ಅದು ಶ್ರೀಮಂತ ದೇಶದ ಮಾತಾಯಿತು ಎನ್ನುವವರು ನಮ್ಮ ಮಧ್ಯಪ್ರದೇಶವನ್ನು ನೋಡಲಿ. ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಒಂದು ಕಾರ್ಯಕ್ರಮ ಆರಂಭವಾಗಿ, 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. ಹಳ್ಳಿಯ ಸರಕಾರಿ ಶಾಲೆಯ ಉಪಾಧ್ಯಾಯರೂ ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಅದರಲ್ಲಿ ಜೊತೆಗೂಡಿ ದುಡಿದರು. ಅದರ ಬೆನ್ನೆಲುಬು ಮಾಸಿಕ ಗೋಷ್ಠಿ: ಉಪಾಧ್ಯಾಯರು ತಿಂಗಳಿಗೊಮ್ಮೆ ಸೇರಿ, ಹಿಂದಿನ ತಿಂಗಳು ಎಲ್ಲಿ ಪಾಠ ಎಡವಿತು, ಮುಂದಿನ ಪಾಠ ಹೇಗೆ ಎಂದು ಮಾತಾಡಿಕೊಳ್ಳುವುದು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಆದರೆ 30 ವರ್ಷ ನಡೆದುದು ನಡೆದುದೇ. ಬಡ ಜಿಲ್ಲೆಯಲ್ಲೂ ಇದು ಸಾಧ್ಯವೆಂಬುದಕ್ಕೆ ಸಾಕ್ಷಿ.

ನಮ್ಮ ಮೂರು ತಾಲೂಕುಗಳ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಬಂಟವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಬೆಳ್ತಂಗಡಿ. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾಟಿ ಮೂಡಬಿದಿರೆ. ಮೂಡಬಿದಿರೆಯಿಂದ ಸಿದ್ಧಕಟ್ಟೆ ದಾಟಿ ಮತ್ತೆ ಬಂಟವಾಳ. ಒಂದು ತ್ರಿಕೋನ. ಈ ತ್ರಿಕೋನದ ಒಳಗೂ ಅಂಚಿನಲ್ಲೂ ಸರಕಾರಿ, ಅನುದಾನಿತ, ಖಾಸಗಿ ಕಾಲೇಜುಗಳು ಇಷ್ಟೊಂದು ಇವೆ. ಯಾವ ಮೂಲೆಯಿಂದ ಯಾವ ಮೂಲೆಗಾದರೂ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರಬಹುದು. ಉಜಿರೆ, ಮೂಡಬಿದಿರೆಗಳ ದೊಡ್ಡ ಖಾಸಗಿ ಸಂಸ್ಥೆಗಳಿಗೆ ತಮ್ಮದೇ ಸಭಾಂಗಣ, ಗ್ರಂಥಾಲಯ, ಸಂಪನ್ಮೂಲ ಉಂಟು. ಸರಕಾರಿ ಕಾಲೇಜಿಗೆ ಅದಿಲ್ಲ. ಆದರೆ ಮೊದಲ ತಲೆಮಾರಿನ ಮಕ್ಕಳಿಗೆ ಕಲಿಸಿದ ಅನುಭವ ಸರಕಾರಿ ಕಾಲೇಜಿನ ಅಧ್ಯಾಪಕನಲ್ಲಿ ಇದ್ದಷ್ಟು ಬೇರೆಲ್ಲಿ ಉಂಟು? ಒಬ್ಬರಲ್ಲಿ ಇರುವುದು ಇನ್ನೊಬ್ಬರಿಗೆ ಸಿಗಲಿ.

ಹೀಗಿರುವಲ್ಲಿ ನಮ್ಮ ಬೇಡಿಕೆಗಳು ಇವು.

ಒಂದು: ಈ ಮೂರು ತಾಲೂಕುಗಳ ಅಧ್ಯಾಪಕರಿಗೆ ವಿಷಯವಾರು ಮಾಸಿಕ ಬೋಧನಾ ಗೋಷ್ಠಿ ಏರ್ಪಡಬೇಕು, ಒಂದು ತಿಂಗಳು ಬಂಟವಾಳ, ಮತ್ತೊಂದು ಬೆಳ್ತಂಗಡಿ, ಇನ್ನೊಂದು ಮೂಡಬಿದಿರೆ. ಅದಕ್ಕೆ ಬೇಕಾದುದು ಒಂದು ಕೋಣೆ, ಬಸ್ಸಿನ ಹಣ, ಮಧ್ಯಾಹ್ನದ ಊಟ. ಒಂದು ಉದ್ಘಾಟನಾ ಸಮಾರಂಭದ ಹಾರ ತುರಾಯಿಯ ಖರ್ಚಿನಲ್ಲಿ ಎಷ್ಟೋ ಗೋಷ್ಠಿಗಳು ನಡೆದಾವು.

ಎರಡು: ಆ ದಿನವನ್ನು ಕೆಲಸದ ದಿನವೆಂದೇ ಎಣಿಸಬೇಕು. ವಾರದ ಕಾರ್ಯಭಾರದಲ್ಲಿ ಒಂದು ಗಂಟೆ ಸಹೋದ್ಯೋಗಿಯ ತರಗತಿಯಲ್ಲಿ ಕುಳಿತು ಕೇಳುವುದಕ್ಕೆ ಮೀಸಲಾಗಬೇಕು. ಹೊಸಬನಿಗೆ ಮೊದಲ ವರ್ಷ ತರಗತಿಗಳು ಕಡಿಮೆ ಇರಬೇಕು.

ಮೂರು: ಅತಿಥಿ ಉಪನ್ಯಾಸಕರಿಗೆ ಇದೆಲ್ಲವೂ ಗೌರವಧನ ಕಡಿತವಿಲ್ಲದೆ ಸಿಗಬೇಕು. ಕಾಲೇಜುಗಳ ಪಾಠದಲ್ಲಿ ಬಹುಭಾಗ ಹೊತ್ತವರನ್ನು ಹೊರಗಿಟ್ಟು ಮಾಡುವ ಸುಧಾರಣೆ ನಾಟಕ. ಖಾಲಿ ಹುದ್ದೆಗಳನ್ನು ತುಂಬಬೇಕೆಂಬ ಹಳೆಯ ಬೇಡಿಕೆ ಹಾಗೆಯೇ ನಿಂತಿದೆ. ಅದನ್ನು ಮರೆಸಲು ಇದನ್ನು ಉಪಯೋಗಿಸಬಾರದು.

ನಾಲ್ಕು: ಗೋಷ್ಠಿಯ ಮಾತು, ತರಗತಿಯ ಭೇಟಿ, ಯಾವುದೂ ಬಡ್ತಿಯ ಕಡತಕ್ಕೂ ತನಿಖೆಯ ಕಡತಕ್ಕೂ ಹೋಗಕೂಡದು. ತಾನು ಎಲ್ಲಿ ಸೋತೆ ಎಂದು ಹೇಳಿದವನಿಗೆ ಶಿಕ್ಷೆಯಾಗುವುದಾದರೆ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದೆ ಯಾರೂ ಕಲಿಯುವುದಿಲ್ಲ.

ಐದು: ಇಂಗ್ಲಿಷ್ ಪಠ್ಯವನ್ನು ಕನ್ನಡದ ಮೂಲಕ ಬಂದ ಮಕ್ಕಳಿಗೆ ಮುಟ್ಟಿಸುವ ವಿಧಾನದ ಕುರಿತು, ಇಲ್ಲಿನ ಅಧ್ಯಾಪಕರೇ ಬರೆದ ಕೈಪಿಡಿಗಳನ್ನು ವಿಶ್ವವಿದ್ಯಾನಿಲಯ ಅಚ್ಚು ಹಾಕಬೇಕು. ಆ ಆಟೋರಿಕ್ಷಾದ ಪಾಠ ಅಂಥ ಒಂದು ಪುಸ್ತಕದ ಮೊದಲ ಪುಟವಾಗಲಿ.

ಕೊನೆಯಲ್ಲಿ ಒಂದು ಮಾತನ್ನು ನಮ್ಮವರಿಗೇ ಹೇಳಬೇಕು. ಅಧ್ಯಾಪಕರ ಸಂಘಗಳು ವೇತನಶ್ರೇಣಿಗಾಗಿ, ಬಾಕಿಗಾಗಿ, ಪಿಂಚಣಿಗಾಗಿ ಹೋರಾಡಿವೆ. ನಾವು ಬೆಂಬಲಿಸಿದ್ದೇವೆ, ಮುಂದೆಯೂ ಬೆಂಬಲಿಸುತ್ತೇವೆ. ಆದರೆ ನಮ್ಮ ಬೇಡಿಕೆಪತ್ರಗಳಲ್ಲಿ ‘ನಮಗೆ ಚೆನ್ನಾಗಿ ಕಲಿಸಲು ಅವಕಾಶ ಕೊಡಿ’ ಎಂಬ ಸಾಲಿಗೆ ಎಷ್ಟು ಜಾಗ ಕೊಟ್ಟಿದ್ದೇವೆ? ಆ ಸಾಲು ಮೊದಲ ಬೇಡಿಕೆಯಾಗಿದ್ದರೆ ಬೀಡಿ ಕಟ್ಟುವ ತಾಯಿಯೂ ರಿಕ್ಷಾ ಓಡಿಸುವ ಅಣ್ಣನೂ ಮೆರವಣಿಗೆಯಲ್ಲಿ ಅಧ್ಯಾಪಕನ ಜೊತೆ ನಡೆಯುತ್ತಿದ್ದರು. ತಮ್ಮ ಮಕ್ಕಳ ತರಗತಿಯಲ್ಲಿ ಏನು ನಡೆಯುತ್ತದೆಂದು ಕೇಳುವ ಹಕ್ಕು ಅವರಿಗೆ ಇದೆ; ಕೇಳುವ ಹೊಣೆಯೂ ಇದೆ.

ಸರಕಾರದ ಆಜ್ಞೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ಶನಿವಾರ ಮಧ್ಯಾಹ್ನ ವಾಮದಪದವಿನ ನಾಲ್ವರು, ವೇಣೂರು ದಾರಿಯ ಇಬ್ಬರು, ಮೂಡಬಿದಿರೆಯ ಮೂವರು ಒಂದು ಕೋಣೆಯಲ್ಲಿ ಕುಳಿತು, ಈ ವಾರ ನನ್ನ ಪಾಠ ಎಲ್ಲಿ ಎಡವಿತು ಎಂದು ಒಬ್ಬರು ಬಾಯಿ ತೆರೆದರೆ ಗೋಷ್ಠಿ ಆರಂಭವಾದಂತೆಯೇ. ಜಾಗ ಸಿಗದಿದ್ದರೆ ನಮ್ಮ ಪಕ್ಷದ ಕಚೇರಿಯ ಮೇಜು, ಕುರ್ಚಿ, ಚಹಾ ಅವರಿಗಾಗಿ ತೆರೆದಿವೆ. ಆದರೆ ಅಷ್ಟಕ್ಕೇ ಸರಕಾರದ ಹೊಣೆ ಇಳಿಯಿತೆಂದು ಯಾರೂ ತಿಳಿಯಬಾರದು. ಕತ್ತಿ ಮಸೆಯುವ ಹೊತ್ತೂ ಕೂಲಿಯ ಹೊತ್ತೇ. ಆ ಲೆಕ್ಕವನ್ನು ಬರೆಯಿಸಿಕೊಳ್ಳುವವರೆಗೆ ನಾವು ಬಿಡುವುದಿಲ್ಲ.